ಝಾನ್ಸಿ ರಾಣಿ ಮತ್ತು ಎಲಿಸ್ ಸಾಹೇಬ: ನಿಜವೆಷ್ಟು?

ಪ್ರಶ್ನೆ: ಜಯಶ್ರೀ ಮಿಶ್ರಾ ಅವರ ‘ರಾಣಿ’ ಕಾದಂಬರಿಯಲ್ಲಿ ಲಕ್ಷ್ಮೀಬಾಯಿಗೂ ಬ್ರಿಟಿಷ್ ಅಧಿಕಾರಿ ರಾಬರ್ಟ್ ಎಲಿಸ್‌ಗೂ ಪ್ರೇಮವಿತ್ತು ಎಂದಿದೆಯಂತೆ. ಅದು ನಡೆದದ್ದೇ?

ಉತ್ತರ: ಪ್ರೇಮ ಕಾದಂಬರಿಯದು. ಎಲಿಸ್ ಮಾತ್ರ ನಿಜವಾಗಿ ಇದ್ದವನು. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಆತ ಝಾನ್ಸಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪೊಲಿಟಿಕಲ್ ಏಜೆಂಟ್, ಅಂದರೆ ಕಂಪನಿಯ ಪ್ರತಿನಿಧಿ. 1853ರ ನವೆಂಬರ್ 20ರಂದು, ಕೊನೆಯುಸಿರಿನಲ್ಲಿದ್ದ ರಾಜ, ಲಕ್ಷ್ಮೀಬಾಯಿಯ ಗಂಡ ಗಂಗಾಧರ ರಾವ್ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡ. ಅದನ್ನು ತಿಳಿಸುವ ಪತ್ರ ಕೊಟ್ಟದ್ದು ಎಲಿಸ್‌ನ ಕೈಗೇ. ಮರುದಿನ ರಾಜ ತೀರಿಕೊಂಡ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿ ಹಿಡಿದು ಗವರ್ನರ್ ಜನರಲ್ ಡಾಲ್‌ಹೌಸಿ ಕಾದು ಕೂತಿದ್ದ. ಎಲಿಸ್ ಮಾತ್ರ ರಾಣಿಯ ಪರವಾಗಿ ಬರೆದ: ರಾಜ್ಯ ವಂಶಪಾರಂಪರ್ಯವಾಗಿ ಇವರದೇ ಎಂದ 1817ರ ಒಪ್ಪಂದವಿದೆ, ಪಕ್ಕದ ಓರ್ಛಾದ ದತ್ತು ಒಪ್ಪಿದ್ದೇವೆ, ಝಾನ್ಸಿಗೇಕೆ ಬೇರೆ ನ್ಯಾಯ? ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1854ರಲ್ಲಿ ರಾಜ್ಯ ಕಂಪನಿಯ ಪಾಲಾಯಿತು. ರಾಣಿಗೆ ತಿಂಗಳಿಗೆ 5,000 ರೂಪಾಯಿ ಪಿಂಚಣಿ ಗೊತ್ತಾಯಿತು.

ಕಡತದಲ್ಲಿ ಸಿಗುವುದು ಇಷ್ಟೇ, ಒಬ್ಬ ಅಧಿಕಾರಿಯ ನ್ಯಾಯಬುದ್ಧಿ. ಕಾದಂಬರಿಗಾರ್ತಿ ಅದನ್ನು ಮನಸ್ಸಿನ ಸಂಗತಿಯಾಗಿ ಓದಿಕೊಂಡಿದ್ದಾರೆ. ಅದು ಅವರ ಕಸುಬಿನ ಸ್ವಾತಂತ್ರ್ಯ. ಆದರೆ ನಾವು ಅದನ್ನು ಪುರಾವೆ ಅನ್ನಬಾರದು.

1854ರಲ್ಲೇ ಜಾನ್ ಲ್ಯಾಂಗ್ ಎಂಬ ವಕೀಲ ರಾಣಿಯನ್ನು ಕಂಡದ್ದು ನೋಡಿ. ಮಾತೆಲ್ಲ ಪರದೆಯಾಚೆಯಿಂದ. ನಡುವೆ ದತ್ತುಮಗ ಪರದೆ ಎಳೆದುಬಿಟ್ಟ. ಬಿಳಿ ಮಸ್ಲಿನ್ ಉಡುಪು, ಕಿವಿಯಲ್ಲಿ ಚಿನ್ನದ ಓಲೆ, ಚೆಂದದ ಕಣ್ಣು. ಒಂದು ಗಳಿಗೆ ಅಷ್ಟು ಕಂಡಿತು. ದನಿ ಮಾತ್ರ ಹಿಡಿಸಲಿಲ್ಲವೆಂದು ಆತ ಬರೆದಿಟ್ಟಿದ್ದಾನೆ. ತನ್ನ ಪರ ವಾದಿಸಲು ತಾನೇ ಕರೆಸಿಕೊಂಡ ವಕೀಲನ ಮುಂದೆಯೂ ಪರದೆ! ಇಂಥ ಶಿಷ್ಟಾಚಾರದ ನಡುವೆ ಪ್ರೇಮಕ್ಕೆ ಎಡೆ ಮಾಡಿಕೊಡಲು ಕಾದಂಬರಿಕಾರರು ಸಾಕಷ್ಟು ಬೆವರು ಸುರಿಸಬೇಕು.

ರಾಣಿಗೊಬ್ಬ ಬಿಳಿಯ ಪ್ರಿಯಕರನನ್ನು ಗಂಟು ಹಾಕುವ ಚಾಳಿ ಇಂಗ್ಲಿಷ್ ಕಾದಂಬರಿಗಳಲ್ಲಿ ಮೊದಲೂ ಇತ್ತು. ತಮ್ಮ ವಿರುದ್ಧ ಕತ್ತಿ ಹಿಡಿದವಳು ತಮ್ಮವನೊಬ್ಬನಿಗೆ ಸೋತಳು ಎಂದರೆ ಅಲ್ಲಿನ ಓದುಗರಿಗೆ ಏನೋ ಸಮಾಧಾನ. ಹಾಗಾಗಿ ಈ ಕಾದಂಬರಿಯ ಮೇಲೆ ಝಾನ್ಸಿಯ ಸೀಮೆಯಾದ ಬುಂದೇಲಖಂಡದವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಿಷೇಧ ಅರ್ಥವಾಗುವುದಿಲ್ಲ. 2007ರ ಕೊನೆಯಲ್ಲಿ ಬಂದ ಈ ಪುಸ್ತಕವನ್ನು ಉತ್ತರ ಪ್ರದೇಶ ಸರ್ಕಾರ 2008ರ ಫೆಬ್ರವರಿಯಲ್ಲಿ ನಿಷೇಧಿಸಿತು. ಲೇಖಕಿ ಲಂಡನ್ನಿನಲ್ಲಿ ಸಿನಿಮಾ ವರ್ಗೀಕರಣ ಮಂಡಳಿಯಲ್ಲಿ, ಅಂದರೆ ಅಲ್ಲಿನ ಸೆನ್ಸಾರ್‌ನಲ್ಲಿ, ಕೆಲಸ ಮಾಡಿದವರು ಎಂಬುದು ಇಲ್ಲಿನ ತಮಾಷೆ.

ನಿಷೇಧದಿಂದ ಕತೆಯೇನೂ ಅಡಗಲಿಲ್ಲ. 2018ರಲ್ಲಿ ರಾಣಿಯ ಕುರಿತ ‘ಮಣಿಕರ್ಣಿಕಾ’ ಸಿನಿಮಾದಲ್ಲೂ ಇದೇ ಪ್ರೇಮಪ್ರಸಂಗವಿದೆ ಎಂದು ರಾಜಸ್ಥಾನದ ಸಂಘಟನೆಯೊಂದು ಗಲಾಟೆ ಎಬ್ಬಿಸಿತು. ಅಂಥದ್ದೇನೂ ಇಲ್ಲ ಎಂದು ನಿರ್ಮಾಪಕರು ಹೇಳಬೇಕಾಯಿತು.