ಉಲ್ಬಣ: ನಾರುಗಟ್ಟಿದ ಶ್ವಾಸಕೋಶಕ್ಕೆ ‘ಬರೀ ವೈರಲ್’ ಬಂದಾಗ

“ಏನಿಲ್ಲ, ಬರೀ ವೈರಲ್.” ಜ್ವರ, ನೆಗಡಿ, ಮೈಕೈ ನೋವು ಅಂತ ಕ್ಲಿನಿಕ್‌ಗೆ ಹೋದವರು ಸಾಮಾನ್ಯವಾಗಿ ಕೇಳಿಸಿಕೊಂಡು ಬರುವ ಮಾತು ಇದು. ಕೇಳಿದ ಕೂಡಲೇ ಮನಸ್ಸು ಹಗುರಾಗುತ್ತದೆ. ಮೂರು ದಿನ ಪ್ಯಾರಾಸಿಟಮಾಲ್, ಮೆಣಸಿನ ಸಾರು, ಒಳ್ಳೆ ನಿದ್ದೆ. ನಾಲ್ಕನೇ ದಿನ ಕೆಲಸಕ್ಕೆ. ಬಹಳ ಜನರ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಶ್ವಾಸಕೋಶ ನಾರುಗಟ್ಟಿದವರು ಇರುವ ಮನೆಯಲ್ಲಿ ‘ಬರೀ’ ಅನ್ನುವ ಪದವನ್ನು ಕೈಬಿಡಬೇಕು. ಅಲ್ಲಿ ಕಲಿಯಬೇಕಾದ ಪದ ಬೇರೆ ಇದೆ: ಉಲ್ಬಣ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಅದು ‘ಅಕ್ಯೂಟ್ ಎಕ್ಸಾಸರ್ಬೇಷನ್’ ಎಂದು ಬರೆದಿರುತ್ತದೆ.

ಮೊದಲು ನಾರುಗಟ್ಟುವುದು ಅಂದರೆ ಏನು ಅಂತ ನೋಡೋಣ. ‘ಪಲ್ಮನರಿ ಫೈಬ್ರೋಸಿಸ್’ ಎಂಬ ಹೆಸರಿನಲ್ಲಿ ಅಡಗಿರುವುದು ನಾರು, ಎಳೆ ಎಂಬ ಅರ್ಥದ ಲ್ಯಾಟಿನ್ ಪದ. ಬಲಿತ ಬೆಂಡೆಕಾಯಿಯನ್ನು ನೆನಪಿಸಿಕೊಳ್ಳಿ. ತುದಿ ಮುರಿಯಲು ಹೋದರೆ ಮುರಿಯದೆ ಬಾಗುತ್ತದೆ, ಎಷ್ಟು ಬೇಯಿಸಿದರೂ ನಾರು ನಾರೇ. ನಮ್ಮ ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಗೂಡುಗಳಿವೆ. ಅವುಗಳ ಗೋಡೆ ತುಂಬಾ ತೆಳು. ಆ ತೆಳುವಿನಿಂದಲೇ ಆಮ್ಲಜನಕ ರಕ್ತಕ್ಕೆ ದಾಟುತ್ತದೆ. ಗೋಡೆಗೆ ಮತ್ತೆ ಮತ್ತೆ ಪೆಟ್ಟಾಗಿ, ಮಾಯುವಾಗ ಕಲೆ ಉಳಿದು, ಆ ಕಲೆಯ ಮೇಲೆ ಇನ್ನೊಂದು ಕಲೆ ಕೂತರೆ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ವೈದ್ಯರು ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟರೆ ಶಾಲೆಯ ಬ್ಯಾಗಿನ ವೆಲ್ಕ್ರೋ ಪಟ್ಟಿ ಬಿಚ್ಚಿದಂತಹ ಸದ್ದು ಕೇಳುತ್ತದೆ. ಕಾಯಿಲೆ ಮುಂದುವರಿದವರ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಅಂಚು ಜೇನುಗೂಡಿನ ಹಾಗೆ ಕಾಣುತ್ತದೆ. ರಿಪೋರ್ಟಿನಲ್ಲಿ ಬರುವ ‘ಹನಿಕೋಂಬಿಂಗ್’ ಅದೇ.

ಕಾರಣಗಳು ಹಲವು. ಕಾರಣವೇ ಸಿಗದ್ದಕ್ಕೆ ಐಪಿಎಫ್ ಅನ್ನುತ್ತಾರೆ. ಸಂಧಿವಾತದ ಜೊತೆ ಬರುವುದುಂಟು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕಲ್ಲಿನ ದೂಳು ಕುಡಿದವರಿಗೆ ಬಂದ ಸಿಲಿಕೋಸಿಸ್ ಕೂಡ ಶ್ವಾಸಕೋಶವನ್ನು ಗಟ್ಟಿ ಮಾಡುವ ಕಾಯಿಲೆಯೇ. ಗಣಿ 2001ರಲ್ಲಿ ಮುಚ್ಚಿತು, ಎದೆಯೊಳಗಿನ ದೂಳು ಮಾತ್ರ ಹೊರಗೆ ಬರಲಿಲ್ಲ. ಭಾರತದ 27 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಇಂತಹ ಬಗೆಬಗೆಯ ಕಾಯಿಲೆಗಳಿದ್ದ 1,084 ರೋಗಿಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 47 ಮಂದಿಯದು ಉಸಿರಿನ ಜೊತೆ ಒಳಗೆ ಹೋದ ಬೂಸಲು, ಹಕ್ಕಿಯ ಹಿಕ್ಕೆಯಂತಹ ವಸ್ತುಗಳ ಅಲರ್ಜಿಯಿಂದ ಬರುವ ಬಗೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದರು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೂಲರ್ ಮುಂದೆ ಮಲಗುವವರು, ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವವರು ಈ ವಿಷಯವನ್ನು ತಿಳಿದಿರಬೇಕು. ಅದನ್ನು ಇನ್ನೊಮ್ಮೆ ವಿವರವಾಗಿ ಬರೆಯಬಹುದು. ಈಗ ನಮ್ಮ ಪದಕ್ಕೆ ಬರೋಣ.

ಎಕ್ಸಾಸರ್ಬೇಷನ್ ಎಂಬ ಪದದ ಬೇರಿನಲ್ಲಿ ಒಗರು, ಕಹಿ, ಕಟು ಎಂಬ ಅರ್ಥಗಳಿವೆ. ಇದ್ದ ಕಾಯಿಲೆ ಇನ್ನೂ ಕಟುವಾಗುವುದು. ಕನ್ನಡದಲ್ಲಿ ಪತ್ರಿಕೆಗಳು ಬಳಸಿ ಬಳಸಿ ‘ಉಲ್ಬಣ’ ನಮಗೆ ಪರಿಚಿತ. ಸಮಸ್ಯೆ ಉಲ್ಬಣ, ಸೋಂಕು ಉಲ್ಬಣ ಅಂತೆಲ್ಲ ಓದುತ್ತೇವೆ. ತೊಡಕು ಇರುವುದು ಇಲ್ಲೇ. ಆಸ್ತಮಾ ಇರುವವರಿಗೂ ವೈದ್ಯರು ಇದೇ ಪದ ಬಳಸುತ್ತಾರೆ. ಅಲ್ಲಿ ಉಲ್ಬಣ ಅಂದರೆ ಶ್ವಾಸನಾಳ ಬಿಗಿಯುವುದು. ಔಷಧಿ ಕೊಟ್ಟರೆ ಸಡಿಲವಾಗುತ್ತದೆ, ಹೆಚ್ಚಿನವರು ಮೊದಲಿನ ಸ್ಥಿತಿಗೆ ಮರಳುತ್ತಾರೆ. ಹಾಗಾಗಿ “ಹೋದ ಸಲವೂ ಹೀಗೇ ಆಗಿತ್ತು, ನೆಬ್ಯುಲೈಸರ್ ಹಾಕಿಸಿದರೆ ಸರಿಹೋಗುತ್ತೆ” ಅನ್ನುವ ಧೈರ್ಯ ಬಂದುಬಿಟ್ಟಿರುತ್ತದೆ. ಫೈಬ್ರೋಸಿಸ್‌ನಲ್ಲಿ ಉಲ್ಬಣ ಆ ಜಾತಿಯದಲ್ಲ. ನಾಳ ಬಿಗಿಯುವುದಲ್ಲ, ಗಾಳಿಗೂಡುಗಳೇ ಗಾಯಗೊಂಡು ನೀರು, ಉರಿಯೂತ ತುಂಬಿಕೊಳ್ಳುತ್ತದೆ. ಹಳೆಯ ಕಲೆಯ ಮೇಲೆ ಹಸಿ ಗಾಯ. ಒಂದು ಮೆಟ್ಟಿಲು ಇಳಿದವರು ಮತ್ತೆ ಅದೇ ಮೆಟ್ಟಿಲಿಗೆ ಏರುವುದು ಕಷ್ಟ. ಐಪಿಎಫ್ ಇರುವವರಲ್ಲಿ ಒಮ್ಮೆ ಇಂತಹ ಉಲ್ಬಣ ಆದ ಮೇಲೆ ಅರ್ಧದಷ್ಟು ಜನ ಮೂರ್ನಾಲ್ಕು ತಿಂಗಳು ದಾಟುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಎರಡು ಕಾಯಿಲೆಗೂ ಒಂದೇ ಪದ ಇರುವುದರಿಂದ ಮನೆಯವರು ಮೋಸ ಹೋಗಬಾರದು ಎಂದು ಹೇಳುತ್ತಿದ್ದೇನೆ.

ಈ ಪದದ ಗಡಿಯೇ ಒಂದು ಸಲ ಬದಲಾಗಿದೆ. ಅದರಲ್ಲಿ ವೈರಸ್ಸಿನ ಪಾತ್ರ ದೊಡ್ಡದು. ಈ ಸ್ಥಿತಿಯನ್ನು ಮೊದಮೊದಲು ಗುರುತಿಸಿ ಬರೆದವರಲ್ಲಿ ಜಪಾನಿನ ವೈದ್ಯರು ಮುಖ್ಯರು. 2007ರಲ್ಲಿ ತಜ್ಞರು ಕೂತು ಒಂದು ವ್ಯಾಖ್ಯೆ ಮಾಡಿದರು. ಅದರ ಪ್ರಕಾರ ಸೋಂಕು ಇಲ್ಲ ಅಂತ ಖಾತ್ರಿಯಾದರೆ ಮಾತ್ರ ಅದು ಉಲ್ಬಣ. ಸೋಂಕು ಸಿಕ್ಕರೆ ಆ ಹೆಸರು ಇಲ್ಲ. ಓದಲು ಅಚ್ಚುಕಟ್ಟು, ವಾರ್ಡಿನಲ್ಲಿ ಮಾತ್ರ ನಡೆಯಲಿಲ್ಲ. ಖಾತ್ರಿ ಮಾಡಲು ಶ್ವಾಸನಾಳಕ್ಕೆ ಕೊಳವೆ ಇಳಿಸಿ ದ್ರವ ತೆಗೆಯಬೇಕು. ಆಗಲೇ ಏದುಸಿರು ಬಿಡುತ್ತಿರುವವರಿಗೆ ಅದೇ ಅಪಾಯ. ಮೇಲಾಗಿ, ಸೋಂಕು ಸಿಕ್ಕರೂ ಸಿಗದಿದ್ದರೂ ರೋಗಿಯ ಪಾಡು ಹೆಚ್ಚುಕಡಿಮೆ ಒಂದೇ ಆಗಿತ್ತು. 2016ರಲ್ಲಿ ವ್ಯಾಖ್ಯೆ ತಿದ್ದಿದರು. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಸಿರಾಟ ತೀವ್ರವಾಗಿ ಕೆಡಬೇಕು. ಸಿಟಿ ಸ್ಕ್ಯಾನಿನಲ್ಲಿ ಎರಡೂ ಕಡೆ ಹೊಸದಾಗಿ ಮಂಜು ಮುಸುಕಿದ ಗಾಜಿನಂತಹ ಛಾಯೆ ಕಾಣಬೇಕು. ಹೃದಯದ ತೊಂದರೆಯೊಂದೇ ಅದಕ್ಕೆ ಕಾರಣವಾಗಿರಬಾರದು. ಇಷ್ಟಿದ್ದರೆ ಅದು ಉಲ್ಬಣ. ಸೋಂಕನ್ನು ಹೊರಗಿಡದೆ, ಕಿಡಿ ಹಚ್ಚುವ ಕಾರಣಗಳಲ್ಲಿ ಒಂದಾಗಿ ಒಳಗೆ ಸೇರಿಸಿಕೊಂಡರು. ನನ್ನ ಪ್ರಕಾರ ಇದು ಬರೀ ಪದದ ತಿದ್ದುಪಡಿಯಲ್ಲ. “ವೈರಸ್ಸಾ, ಉಲ್ಬಣವಾ?” ಅನ್ನುವ ಪ್ರಶ್ನೆಯೇ ಬಿದ್ದುಹೋಯಿತು. ಎರಡೂ ಒಟ್ಟಿಗೆ ಇರಬಹುದು.

ವೈರಸ್ ಕಿಡಿ ಹಚ್ಚುವುದು ಹೇಗೆ? ಗಾಳಿಗೂಡಿನ ಗೋಡೆಯಲ್ಲಿ ‘ಟೈಪ್ 2’ ಎಂಬ ಜೀವಕೋಶಗಳಿವೆ. ಗೂಡು ಕುಸಿಯದಂತೆ ಒಳಗೆ ಜಾರುವ ಲೇಪ ಹಚ್ಚುವುದು ಅವುಗಳ ಕೆಲಸ. ಗೋಡೆ ಹರಿದರೆ ರಿಪೇರಿ ಮಾಡುವುದೂ ಅವುಗಳದೇ ಕೆಲಸ. ಐಪಿಎಫ್‌ನಲ್ಲಿ ಈ ಕೋಶಗಳು ಮೊದಲೇ ಸೋತಿರುತ್ತವೆ, ವಯಸ್ಸಿಗೆ ಮೀರಿ ಮುದಿಯಾಗಿರುತ್ತವೆ. ಇನ್‌ಫ್ಲುಯೆಂಜಾ, ಕೋವಿಡ್ ವೈರಸ್‌ಗಳು ಹೊಕ್ಕುವುದು ಇವೇ ಕೋಶಗಳಿಗೆ. ಗಟ್ಟಿಮುಟ್ಟಾದ ಶ್ವಾಸಕೋಶದಲ್ಲಿ ಗಾಯವೂ ಆಗುತ್ತದೆ, ರಿಪೇರಿಯೂ ಆಗುತ್ತದೆ. ಇಲ್ಲಿ ರಿಪೇರಿಯವನೇ ಹಾಸಿಗೆ ಹಿಡಿದಿದ್ದಾನೆ.

ಹಾಗಂತ ಎಲ್ಲಾ ಉಲ್ಬಣವನ್ನೂ ವೈರಸ್ ತಲೆಗೆ ಕಟ್ಟುವಂತಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉಲ್ಬಣವಾಗಿದ್ದ 43 ಐಪಿಎಫ್ ರೋಗಿಗಳ ಶ್ವಾಸಕೋಶದ ದ್ರವವನ್ನು ಪರೀಕ್ಷಿಸಿದರು. ನೆಗಡಿಯ ರೈನೋವೈರಸ್‌ನಂತಹ ಮಾಮೂಲಿ ಉಸಿರಾಟದ ವೈರಸ್‌ಗಳು ಸಿಕ್ಕಿದ್ದು ನಾಲ್ವರಲ್ಲಿ ಮಾತ್ರ. ಪರೀಕ್ಷೆ ಮಾಡುವ ಹೊತ್ತಿಗೆ ವೈರಸ್ ಕೆಲಸ ಮುಗಿಸಿ ಹೋಗಿರಲೂಬಹುದು. ಹೊಟ್ಟೆಯ ಆಮ್ಲ ಶ್ವಾಸನಾಳಕ್ಕೆ ಇಳಿಯುವುದು, ಶಸ್ತ್ರಚಿಕಿತ್ಸೆ, ಕೆಲವು ಔಷಧಿಗಳು, ಇವೂ ಕಿಡಿ ಹಚ್ಚಬಲ್ಲವು. ಆದರೆ ಕೋವಿಡ್ ಬಂದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ, ಮೊದಲೇ ಇಂತಹ ಕಾಯಿಲೆಯಿದ್ದ ಯೂರೋಪಿನ 161 ಜನರನ್ನು ಅದೇ ವಯಸ್ಸಿನ, ಅದೇ ಬಗೆಯ ಇತರ ಕೋವಿಡ್ ರೋಗಿಗಳ ಜೊತೆ ಹೋಲಿಸಿದರು. ಇವರಲ್ಲಿ ಶೇ 49 ಮಂದಿ ತೀರಿಕೊಂಡರು. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ ಶೇ 35.

ಮನೆಯಲ್ಲಿ ಏನು ಮಾಡಬಹುದು? ಫ್ಲೂ ಲಸಿಕೆ ಪ್ರತಿ ವರ್ಷ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಮಳೆ ಹಿಡಿಯುವ ಮುಂಚೆ ಹಾಕಿಸಿಕೊಂಡರೆ ಒಳ್ಳೆಯದು. ಅಮೆರಿಕ, ಯೂರೋಪಿನಲ್ಲಿರುವ ನಮ್ಮವರಿಗೆ ಚಳಿಗಾಲದ ಮುಂಚೆ. ನ್ಯುಮೋಕಾಕಸ್ ಲಸಿಕೆ ವೈರಸ್ಸಿನದಲ್ಲ, ಆದರೂ ಬೇಕು. ವೈರಸ್ ಬಾಗಿಲು ಮುರಿದ ಮೇಲೆ ಹಿಂದಿನಿಂದ ನುಗ್ಗುವ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೋಕಾಕಸ್ ಮುಖ್ಯವಾದದ್ದು. ಮೊಮ್ಮಗುವಿಗೆ ಸಿಂಬಳ ಸುರಿಯುತ್ತಿದ್ದರೆ ನಾಲ್ಕು ದಿನ ವಿಡಿಯೋ ಕಾಲಿನಲ್ಲೇ ಮಾತಾಡಲಿ. ಕಷ್ಟವಾಗುತ್ತದೆ, ಗೊತ್ತು. ಮದುವೆ ಮನೆಗೆ ಹೋಗಲೇಬೇಕಾದರೆ ಮಾಸ್ಕ್ ಹಾಕಿಕೊಂಡು ಹೋಗಲಿ, ಯಾರೇನಾದರೂ ಅಂದುಕೊಳ್ಳಲಿ.

ಮನೆಮದ್ದಿಗಿಂತ ನನಗೆ ಜಾಸ್ತಿ ಭಯ ಇರುವುದು ಮನೆಯ ಡ್ರಾಯರ್‌ನಲ್ಲಿ ಉಳಿದ ಮಾತ್ರೆಗಳ ಬಗ್ಗೆ. ಕಲೆ ಹರಡುವ ವೇಗವನ್ನು ತಗ್ಗಿಸುವ ಪಿರ್ಫೆನಿಡೋನ್ ತೆಗೆದುಕೊಳ್ಳುತ್ತಿರುವವರು ಹೋದ ಸಲ ಉಳಿದ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ನುಂಗಿದರೆ, ಪಿರ್ಫೆನಿಡೋನ್ ಮೈಯಲ್ಲಿ ಏರಿ ಅಡ್ಡ ಪರಿಣಾಮ ಹೆಚ್ಚಾಗುತ್ತದೆ. ವೈರಸ್ಸಿಗೆ ಆ ಮಾತ್ರೆಯಿಂದ ಏನೂ ಆಗುವುದಿಲ್ಲ. ಸ್ಟಿರಾಯ್ಡ್ ಕೂಡ ಅಷ್ಟೇ. ಅಲರ್ಜಿಯಿಂದ ಬರುವ ಬಗೆಯ ಕಾಯಿಲೆಗೆ ವೈದ್ಯರು ಕೊಡುವ ಔಷಧಿ ಅದು. ಆದರೆ ಐಪಿಎಫ್‌ನಲ್ಲಿ ಸ್ಟಿರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಸೇರಿದ್ದ ಚಿಕಿತ್ಸೆ ಪಡೆದವರಲ್ಲಿ ಸಾವು ಹೆಚ್ಚಾಯಿತು ಎಂದು 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿತು. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆ ನಿಮ್ಮವರಿಗೆ ಸುಮ್ನೆ ಕೊಡಬೇಡಿ. ಹಾಗೆಯೇ ನಡೆಯುತ್ತಿರುವ ಮಾತ್ರೆಯನ್ನು ಜ್ವರ ಬಂತೆಂದು ನೀವೇ ನಿಲ್ಲಿಸಬೇಡಿ.

ಇನ್ನು ಆಕ್ಸಿಮೀಟರ್. ಆರಾಮಾಗಿದ್ದ ದಿನದ ಅಂಕಿ ಗೊತ್ತಿಲ್ಲದಿದ್ದರೆ ಜ್ವರದ ದಿನದ ಅಂಕಿಗೆ ಅರ್ಥವಿಲ್ಲ. ಒಬ್ಬರ ಮಾಮೂಲಿ 97, ಇನ್ನೊಬ್ಬರದು 92. ಫೈಬ್ರೋಸಿಸ್‌ನಲ್ಲಿ ಕೂತಾಗ ಸರಿ ಇರುವ ಆಮ್ಲಜನಕ ನಡೆದಾಗ ಜಾರುವುದುಂಟು. ಆದ್ದರಿಂದ ಆರೋಗ್ಯ ನೆಟ್ಟಗಿದ್ದಾಗಲೇ ಕೂತು ಒಮ್ಮೆ, ಮನೆಯೊಳಗೆ ಓಡಾಡಿ ಒಮ್ಮೆ ನೋಡಿ ಬರೆದಿಡಿ. ಜ್ವರ ಬಂದಾಗ ಮಾಮೂಲಿಗಿಂತ ಮೂರ್ನಾಲ್ಕು ಅಂಕ ಇಳಿದು ಅಲ್ಲೇ ನಿಂತರೆ, ನಿನ್ನೆ ಸಲೀಸಾಗಿ ಬಚ್ಚಲಿಗೆ ಹೋಗಿಬಂದವರು ಇವತ್ತು ನಡುವೆ ಗೋಡೆ ಹಿಡಿದು ನಿಂತರೆ, ಬೆಳಗಾಗಲಿ ಅಂತ ಕಾಯಬೇಡಿ. ಫ್ಲೂ ಆಗಿದ್ದರೆ, ಆ ವೈರಸ್ಸಿಗೆ ವೈದ್ಯರು ಕೊಡುವ ಒಸೆಲ್ಟಾಮಿವಿರ್ ಎಂಬ ಔಷಧಿ ಹೆಚ್ಚು ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರುಮಾಡಿದಾಗ.

ತುರ್ತು ವಿಭಾಗದ ಮೇಜಿನ ಮುಂದೆ ನಿಂತಾಗ “ಮೂರು ದಿನದಿಂದ ವೈರಲ್ ಫೀವರ್” ಅಂತ ಶುರುಮಾಡಬೇಡಿ. ಹೀಗೆ ಹೇಳಿ: “ಇವರಿಗೆ ಪಲ್ಮನರಿ ಫೈಬ್ರೋಸಿಸ್ ಇದೆ. ಮಾಮೂಲಿ ಸ್ಯಾಚುರೇಷನ್ 95. ಮೂರು ದಿನದಿಂದ ಜ್ವರ, ಇವತ್ತು ಬೆಳಿಗ್ಗೆಯಿಂದ 88. ಹಳೆಯ ಸಿಟಿ ಸ್ಕ್ಯಾನ್ ಇಲ್ಲಿದೆ.” ಹಳೆಯ ಸ್ಕ್ಯಾನ್ ಪಕ್ಕದಲ್ಲಿದ್ದರೆ ಹೊಸ ಮಂಜು ಯಾವುದು, ಹಳೆಯ ಕಲೆ ಯಾವುದು ಅಂತ ಅವರಿಗೆ ಕೂಡಲೇ ಕಾಣುತ್ತದೆ.