ಪ್ರೊ-ಲೈಫ್ ಅಂದ್ರೆ ನಮ್ಮ ‘ಜೀವಪರ’ ಅಲ್ಲ

ಬಂಗಾರಪೇಟೆ ಸ್ಟೇಷನ್ನಲ್ಲಿ ಟ್ರೈನಿಗೆ ಕಾಯ್ತಾ ಕೂತಿದ್ದಾಗ ಫ್ರೆಂಡ್ ಒಬ್ಳು ಮೊಬೈಲಿಗೆ ಬಂದಿದ್ದ ಮೆಸೇಜ್ ತೋರಿಸಿದ್ಳು. ಅವಳು ಕೆಜಿಎಫ್‌ನವಳು, ಕ್ಯಾಥೊಲಿಕ್ ಮನೆ, ತಾತ ಗಣೀಲಿ ಕೆಲ್ಸ ಮಾಡಿದವರು, ಇವಳು ನರ್ಸು, ದಿನಾ ಬೆಂಗಳೂರಿಗೆ ಓಡಾಡ್ತಾಳೆ. ಮೆಸೇಜಲ್ಲಿ ಇದ್ದಿದ್ದು, ಜೀವಪರ ಕ್ರೈಸ್ತರೆಲ್ಲ ಗರ್ಭಪಾತದ ಕಾನೂನು ಸಡಿಲ ಮಾಡೋದನ್ನ ವಿರೋಧಿಸ್ಬೇಕು ಅಂತ. ನಾನು ಎರಡು ಸಲ ಓದ್ದೆ, ತಲೆಗೆ ಹತ್ತಲಿಲ್ಲ. ಯಾಕಂದ್ರೆ ಕನ್ನಡದಲ್ಲಿ ಜೀವಪರ ಅನ್ನೋ ಮಾತು ಆಗ್ಲೇ ಬೇರೆ ಕಡೆ ಬೇರು ಬಿಟ್ಟಿದೆ. ಜೀವಪರ ಚಿಂತಕರು, ಜೀವಪರ ಕಾವ್ಯ, ಜೀವಪರ ಸಂಘಟನೆ ಅಂತೀವಲ್ಲ, ಅಲ್ಲೆಲ್ಲ ಅದಕ್ಕೆ ಅರ್ಥ ದಲಿತರ ಪರ, ರೈತರ ಪರ, ಹೆಂಗಸರ ಪರ ನಿಲ್ಲೋದು ಅಂತ, ದಲಿತ ಚಳವಳಿ ರೈತ ಚಳವಳಿ ಎರಡನ್ನೂ ಕಂಡಿರೋ ನಮ್ಮ ಕೋಲಾರದಲ್ಲಂತೂ ಆ ಪದ ಕೇಳಿದ್ರೆ ಕಣ್ಮುಂದೆ ಬರೋದು ಹಸಿರು ಶಾಲು ನೀಲಿ ಬಾವುಟನೇ. ಆ ಮೆಸೇಜ್ ಬರೆದವರು ‘ಪ್ರೊ-ಲೈಫ್’ ಅನ್ನೋದನ್ನ ಪದಕ್ಕೆ ಪದ ಇಟ್ಟು ಕನ್ನಡಕ್ಕೆ ಇಳಿಸಿದಾರೆ, ಅಷ್ಟರಲ್ಲೇ ಅರ್ಥ ಪೂರ್ತಿ ಬೇರೆ ಆಗೋಯ್ತು.

ಪ್ರೊ-ಲೈಫ್ ಅಂದ್ರೆ ಹೊಟ್ಟೇಲಿರೋ ಭ್ರೂಣಕ್ಕೂ ಹುಟ್ಟಿರೋ ಮನುಷ್ಯನಷ್ಟೇ ಬದುಕೋ ಹಕ್ಕಿದೆ, ಆದ್ರಿಂದ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಬಾರ್ದು ಅನ್ನೋ ನಿಲುವು. ಎದುರುಗಡೆಯವರನ್ನ ಪ್ರೊ-ಚಾಯ್ಸ್ ಅಂತಾರೆ, ಅಂದ್ರೆ ತೀರ್ಮಾನ ಆ ಹೆಂಗಸಿಂದು ಅನ್ನೋರು. ಈ ಜೋಡಿ ಪದ ಜಗತ್ತಿಗೆಲ್ಲ ಹಬ್ಬಿದ್ದು ಅಮೆರಿಕದಿಂದ, ಮುಖ್ಯವಾಗಿ 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ‘ರೋ ವರ್ಸಸ್ ವೇಡ್’ ತೀರ್ಪಲ್ಲಿ ಗರ್ಭಪಾತ ಸಂವಿಧಾನದ ಹಕ್ಕು ಅಂದ ಮೇಲೆ. 2022ರ ಜೂನಲ್ಲಿ ಅದೇ ಕೋರ್ಟು ಆ ಹಕ್ಕು ಕಿತ್ಕೊಂಡ್ತು.

ಧರ್ಮ ಹಿಂದಿಂದಾನೂ ಹೀಗೇ ಹೇಳ್ಕೊಂಡು ಬಂದಿದೆ ಅಂತ ನಾವು ಅಂದ್ಕೊಂಡಿರ್ತೀವಿ, ಅದು ಅಷ್ಟು ನೇರ ಇಲ್ಲ. ಕ್ಯಾಥೊಲಿಕ್ ಚರ್ಚು ಗರ್ಭಪಾತ ಪಾಪ ಅಂತ ಮೊದಲಿಂದ ಹೇಳಿದೆ ನಿಜ, ಆದ್ರೆ ಭ್ರೂಣಕ್ಕೆ ಆತ್ಮ ಯಾವಾಗ ಸೇರುತ್ತೆ ಅನ್ನೋದ್ರಲ್ಲಿ ಒಂದೇ ಮಾತಿರಲಿಲ್ಲ, ಆತ್ಮ ಸೇರಕ್ಕೆ ಕೆಲವು ವಾರ ಬೇಕು ಅನ್ನೋ ಅರಿಸ್ಟಾಟಲ್ ಲೆಕ್ಕ ಶತಮಾನಗಟ್ಟಲೆ ನಡೀತು. ಆತ್ಮ ಸೇರೋಕ್ ಮುಂಚೆ, ಸೇರಿದ್ಮೇಲೆ ಅಂತ ಶಿಕ್ಷೇಲಿ ಇದ್ದ ವ್ಯತ್ಯಾಸ ತೆಗೆದುಹಾಕಿದ್ದು 1869ರಲ್ಲಿ, ಒಂಬತ್ತನೇ ಪಿಯಸ್ ಪೋಪ್ ಆಗಿದ್ದಾಗ. ಇನ್ನು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದವರು, ಇವತ್ತು ಪ್ರೊ-ಲೈಫ್ ಅಂದ್ರೆ ಮುಂದೆ ನಿಲ್ಲೋರು, 1971ರಲ್ಲಿ ರೇಪ್ ಆಗಿದ್ರೆ, ತಾಯಿ ದೇಹಕ್ಕೋ ಮನಸ್ಸಿಗೋ ಅಪಾಯ ಇದ್ರೆ ಗರ್ಭಪಾತಕ್ಕೆ ಕಾನೂನು ಇರ್ಲಿ ಅಂತ ನಿರ್ಣಯ ಮಾಡಿದ್ರು!

ನಮ್ಮ ಕಡೆನೂ ಹಾಗೇ. ಶುಕ್ರ ಶೋಣಿತ, ಅಂದ್ರೆ ಗಂಡು ಹೆಣ್ಣಿನ ಬೀಜ, ಸೇರೋ ಗಳಿಗೇಲೇ ಜೀವ ಬರುತ್ತೆ ಅಂತ ಚರಕ ಸಂಹಿತೆ, ಏಳನೇ ತಿಂಗಳಲ್ಲಿ ಜೀವ ಕೂಡುತ್ತೆ ಅಂತ ಗರ್ಭೋಪನಿಷತ್ತು. ಮುಸ್ಲಿಮರಲ್ಲಿ 120 ದಿನಕ್ಕೆ ರೂಹ್, ಅಂದ್ರೆ ಆತ್ಮ, ಊದಲಾಗುತ್ತೆ ಅನ್ನೋ ಲೆಕ್ಕ ಇದೆ, ಅದಕ್ಕಿಂತ ಮುಂಚೆ ತಕ್ಕ ಕಾರಣ ಇದ್ರೆ ಗರ್ಭಪಾತ ಆಗಬಹುದು ಅಂತ ಹನಫಿ ಪಂಥದ ಎಷ್ಟೋ ಪಂಡಿತರು ಹೇಳಿದಾರೆ, ಮಾಲಿಕಿ ಪಂಥದವರು ಒಪ್ಪಲ್ಲ.

ಪ್ರೊ-ಲೈಫ್ ಅನ್ನೋದು ಕಾನೂನಾಗಿ ಕೂತ್ರೆ ಏನಾಗುತ್ತೆ ಅನ್ನೋದು ಕರ್ನಾಟಕದವರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ, 31 ವರ್ಷ, ಡೆಂಟಿಸ್ಟು, 2012ರ ಅಕ್ಟೋಬರಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೇಲಿ 17 ವಾರದ ಬಸುರಿ, ಗರ್ಭ ನಿಲ್ಲಲ್ಲ ಅಂತ ಡಾಕ್ಟರಿಗೂ ಗೊತ್ತಾಗಿತ್ತು, ತೆಗೆದುಬಿಡಿ ಅಂತ ಸವಿತಾ ತಾನೇ ಕೇಳಿದ್ಳು, ಆದ್ರೆ ಮಗೂದು ಹಾರ್ಟ್‌ಬೀಟ್ ಇನ್ನೂ ಇದೆ ಅಂತ ತೆಗೀಲಿಲ್ಲ. ಇದು ಕ್ಯಾಥೊಲಿಕ್ ದೇಶ ಅಂತ ತಾನು ಹೇಳಿದ್ದು ನಿಜ ಅಂತ ಅಲ್ಲಿನ ಒಬ್ಬ ಸಿಬ್ಬಂದಿ ಆಮೇಲೆ ವಿಚಾರಣೇಲಿ ಒಪ್ಕೊಂಡ್ರು. ಸೋಂಕು ರಕ್ತಕ್ಕೆ ಏರಿ 28ನೇ ತಾರೀಕು ಸವಿತಾ ತೀರ್ಕೊಂಡ್ಳು. 1983ರಲ್ಲಿ ಐರ್ಲೆಂಡು ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿ ತಾಯಿ ಜೀವ, ಹೊಟ್ಟೇಲಿರೋ ಜೀವ ಎರಡೂ ಸಮ ಅಂತ ಬರೆದಿತ್ತು, ಆ ಒಂದು ಸಾಲಿನ ನೆರಳಲ್ಲಿ ಡಾಕ್ಟರುಗಳು ಕೈ ಕಟ್ಕೊಂಡು ಕಾದ್ರು. 2018ರ ಮೇ 25ಕ್ಕೆ ಅಲ್ಲಿನ ಜನಾನೇ ವೋಟು ಹಾಕಿ ಶೇಕಡ 66ರಷ್ಟು ಬಹುಮತದಲ್ಲಿ ಆ ಸಾಲು ತೆಗೆಸಿದ್ರು. ಡಬ್ಲಿನ್ನಿನ ಒಂದು ಗೋಡೆ ಮೇಲೆ ಬರೆದಿದ್ದ ಸವಿತಾ ಮುಖದ ಸುತ್ತ ಜನ ಚೀಟಿ ಅಂಟಿಸಿ ಹೋಗಿದ್ದ ಫೋಟೋ ನೋಡಿದಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ನಮ್ಮ ದೇಶದಲ್ಲಿ 1971ರಲ್ಲೇ ಎಂಟಿಪಿ ಕಾಯ್ದೆ, ಅಂದ್ರೆ ಷರತ್ತಿನ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡೋ ಕಾನೂನು, ಬಂತು. ಬ್ರಿಟಿಷರ ಕಾಲದ ದಂಡ ಸಂಹಿತೇಲಿ ಗರ್ಭಪಾತ ಮಾಡ್ಸಿದ್ರೆ ಹೆಂಗಸಿಗೂ ಜೈಲು, ಈಗಿನ ನ್ಯಾಯ ಸಂಹಿತೆಯ 88ನೇ ಸೆಕ್ಷನ್ನಲ್ಲೂ ಅದು ಹಾಗೇ ಇದೆ, ಎಂಟಿಪಿ ಕಾಯ್ದೆ ಅನ್ನೋದು ಆ ಗೋಡೇಲಿ ಕೊರೆದಿರೋ ಕಿಟಕಿ. 2021ರಲ್ಲಿ ತಿದ್ದುಪಡಿ ಆಗಿ 20 ವಾರದವರೆಗೆ ಒಬ್ಬ ಡಾಕ್ಟರು ಒಪ್ಪಿದ್ರೆ ಸಾಕು, ರೇಪ್ ಆದವರು, ಅಪ್ರಾಪ್ತ ಹುಡುಗೀರು, ಬಸುರಿ ಆಗಿರುವಾಗಲೇ ಗಂಡ ಸತ್ತವರು ಇಲ್ಲಾ ಡೈವೋರ್ಸ್ ಆದವರು, ಇಂಥವರಿಗೆ 24 ವಾರ, ಇಬ್ರು ಡಾಕ್ಟರು. ಗಂಡ ಅಂತ ಇದ್ದ ಕಡೆ ಸಂಗಾತಿ ಅಂತ ಬದಲಾಯಿಸಿದ್ರು. ಈ ತಿದ್ದುಪಡೀನ ಕ್ಯಾಥೊಲಿಕ್ ಬಿಷಪ್‌ಗಳು ವಿರೋಧಿಸಿದ್ರು. 2022ರ ಸೆಪ್ಟೆಂಬರ್ 29ಕ್ಕೆ ಸುಪ್ರೀಂ ಕೋರ್ಟು ಮದುವೆ ಆಗದೇ ಇರೋರಿಗೂ ಆ 24 ವಾರ ಸಿಗ್ಬೇಕು ಅಂತ ಹೇಳ್ತು.

ಆದ್ರೆ ನಮ್ಮೂರುಗಳಲ್ಲಿ ಹೆಂಗಸರನ್ನ ಹೆದರಿಸೋದು ಪ್ರೊ-ಲೈಫ್ ಅನ್ನೋ ಪದ ಅಲ್ಲ, ‘ಭ್ರೂಣಹತ್ಯೆ’. ಇದು ಹಳೇ ಧರ್ಮಶಾಸ್ತ್ರದ ಪದ, ಮಹಾಪಾಪಗಳ ಸಾಲಲ್ಲಿ ಬರುತ್ತೆ, ಸ್ವಾರಸ್ಯ ಏನಂದ್ರೆ ಅಲ್ಲಿ ಕೆಲವು ಕಡೆ ಭ್ರೂಣ ಅಂದ್ರೆ ವೇದ ಓದಿದ ಬ್ರಾಹ್ಮಣ ಅಂತಲೂ ಅರ್ಥ ಮಾಡಿದಾರೆ. ಈಗ ಇದೇ ಪದವನ್ನ ಸರ್ಕಾರ ಬಳಸೋದು ಹೆಣ್ಣು ಅಂತ ಸ್ಕ್ಯಾನಿಂಗಲ್ಲಿ ಪತ್ತೆ ಮಾಡಿ ತೆಗೆಸೋದಕ್ಕೆ, 1994ರ ಕಾಯ್ದೆ ಪ್ರಕಾರ ಪತ್ತೆ ಮಾಡೋದೇ ಅಪರಾಧ, 2023ರಲ್ಲಿ ಮಂಡ್ಯದ ಆಲೆಮನೇಲಿ ಸ್ಕ್ಯಾನಿಂಗ್ ಮಾಡ್ತಿದ್ದ ಜಾಲ ಸಿಕ್ಕಿಬಿದ್ದಿದ್ದು ಎಲ್ಲರಿಗೂ ನೆನಪಿರುತ್ತೆ. ಅದು ಬೇಕೇ ಬೇಕಾದ ಕಾಯ್ದೆ, ನಾನು ಪೂರ್ತಿ ಅದರ ಪರ. ತೊಂದ್ರೆ ಏನಂದ್ರೆ ಜನ ಭ್ರೂಣಹತ್ಯೆ, ಗರ್ಭಪಾತ ಎರಡೂ ಒಂದೇ ಅಂದ್ಕೊಂಡಿದಾರೆ.

ಮಾಲೂರು ಕಡೆ ಇರೋ ನನ್ನ ಚಿಕ್ಕಮ್ಮನ ಮಗಳಿಗೆ ಎರಡು ಮಕ್ಕಳು, ಕಾಪರ್-ಟಿ ಹಾಕಿಸ್ಕೊಂಡಿದ್ರೂ ಮೂರನೇದು ನಿಂತ್ತು. ಒಂಬತ್ತು ವಾರ. ಸ್ಕ್ಯಾನಿಂಗ್ ರೂಮಿನ ಹೊರಗಡೆ ಬೆಂಚಲ್ಲಿ ಕೂತು ಎದುರುಗಡೆ ಗೋಡೇಲಿದ್ದ ಬೋರ್ಡನ್ನ ಮೆಲ್ಲಗೆ ಓದ್ತಿದ್ಳು, ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಅಂತ. ಓದಿ ನನ್ನ ಕೈ ಹಿಡ್ಕೊಂಡ್ಳು, ಬೆವರಿತ್ತು ಕೈ, ಅಕ್ಕಾ ತೆಗೆಸ್ತೀನಿ ಅಂದ್ರೆ ಪೊಲೀಸ್ನೋರು ಬರ್ತಾರಾ ಅಂದ್ಳು. ಆಮೇಲೆ ಹೋದ ಕ್ಲಿನಿಕ್ಕಲ್ಲಿ ಗಂಡನ ಸೈನ್ ಇಲ್ದೆ ಆಗಲ್ಲ ಅಂದ್ಬಿಟ್ರು, ಅವನು ಲಾರಿ ತಗೊಂಡು ಚೆನ್ನೈಗೆ ಹೋಗಿದ್ದ, ಹತ್ತು ದಿನ ಸುಮ್ನೆ ಹೋಯ್ತು. ಕಾನೂನಲ್ಲಿ 18 ದಾಟಿದ ಹೆಂಗಸಿಗೆ ಅವಳ ಒಪ್ಪಿಗೆ ಸಾಕು, ಗಂಡಂದು ಅತ್ತೆಯದು ಯಾರ ಸೈನೂ ಬೇಕಾಗಿಲ್ಲ, ಅವಳ ಹೆಸರು ಹೊರಗೆ ಬಿಡೋದೂ ಅಪರಾಧ, ಇದನ್ನ ಅವತ್ತು ನನಗೂ ಸರಿಯಾಗಿ ಹೇಳಕ್ಕೆ ಬರಲಿಲ್ಲ. ಮನೆಗೆ ಬಂದ್ರೆ ಅತ್ತೆ ಒಂದೇ ಮಾತು, ಭ್ರೂಣಹತ್ಯೆ ಪಾಪ ಏಳು ಜನ್ಮಕ್ಕೂ ಬಿಡಲ್ಲ ಅಂತ. ಅವಳು ತಿಂಗಳುಗಟ್ಟಲೆ ದೇವರ ಮನೆ ಹೊಸ್ತಿಲು ತುಳೀಲಿಲ್ಲ.

ಇಷ್ಟನ್ನೂ ನಾನು ಸ್ಟೇಷನ್ನಲ್ಲಿ ಫ್ರೆಂಡಿಗೆ ಹೇಳ್ದೆ. ಅವಳು ಗರ್ಭಪಾತ ತಪ್ಪು ಅಂತ ಮನಸಾರೆ ನಂಬೋಳು, ಅಂಥ ಕೇಸಿಗೆ ನನ್ನ ಹಾಕಬೇಡಿ ಅಂತ ಆಸ್ಪತ್ರೇಲಿ ಕೇಳ್ಕೊಂಡಿದಾಳೆ, ಆದ್ರೆ ಮುಗಿಸ್ಕೊಂಡು ವಾರ್ಡಿಗೆ ಬಂದವರಿಗೆ ಬಿಸಿನೀರು ಕೊಟ್ಟು ಪ್ಯಾಡ್ ಬದಲಾಯಿಸೋದು ತಾನೇ ಅಂದ್ಳು. ಅವರಲ್ಲಿ ಒಬ್ಬರನ್ನೂ ಕೊಲೆಗಾತಿ ಅಂತ ನನ್ನ ಬಾಯಲ್ಲಿ ಬರಲ್ಲ ಅಂದ್ಳು. ಟ್ರೈನ್ ಬರೋ ಹೊತ್ತಿಗೆ ಆ ಮೆಸೇಜನ್ನ ಅಣ್ಣನಿಗೆ ಕಳಿಸೋದಿತ್ತು, ಕಳಿಸೋ ಮುಂಚೆ ಜೀವಪರ ಅಂತಿದ್ದಿದ್ದನ್ನ ಅಳಿಸಿ ‘ಗರ್ಭಪಾತ ಒಪ್ಪದ’ ಅಂತ ಟೈಪ್ ಮಾಡಿದ್ಳು.