ಸ್ಪೀಕರಿನ ಬೆನ್ನ ಮೇಲಿನ ‘8 ಓಮ್’

ಸ್ಟೀರಿಯೊ ಕೊಳ್ಳಲು ಹೊರಟವರ ಕಿವಿಗೆ ಮೊದಲು ಬೀಳುವ ಬುದ್ಧಿಮಾತುಗಳು ಎರಡು. ಆಂಪ್ಲಿಫೈಯರಿನ ಓಮ್ ಮತ್ತು ಸ್ಪೀಕರಿನ ಓಮ್ ಒಂದೇ ಇರಬೇಕು ಎಂಬುದು ಒಂದು. ಆಂಪ್ಲಿಫೈಯರಿನ ವಾಟ್ ಯಾವ ಕಾರಣಕ್ಕೂ ಸ್ಪೀಕರಿನ ವಾಟನ್ನು ಮೀರಬಾರದು, ಕಡಿಮೆಯಿದ್ದಷ್ಟೂ ಕ್ಷೇಮ ಎಂಬುದು ಇನ್ನೊಂದು. ಎರಡನ್ನೂ ನಂಬಿ ಚಾಚೂ ತಪ್ಪದೆ ಪಾಲಿಸಿದ ಗೆಳೆಯರೊಬ್ಬರ ಟ್ವೀಟರನ್ನು, ಅಂದರೆ ಸ್ಪೀಕರಿನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಘಟಕವನ್ನು, ನಾನು ಬಿಚ್ಚಿ ನೋಡಿದ್ದೇನೆ. ಪುಟ್ಟ ಗುಮ್ಮಟದ ಹಿಂದೆ ಕೂದಲೆಳೆಯಂಥ ತಂತಿಯ ಸುರುಳಿ ಕಪ್ಪಾಗಿ, ಒಂದು ಕಡೆ ಕಡಿದು, ಮೇಲಿನ ಲೇಪ ಬೆಂದ ವಾಸನೆ ಇನ್ನೂ ಉಳಿದಿತ್ತು. 100 ವಾಟ್ ತಾಳಬಲ್ಲದೆಂದು ಬರೆದಿದ್ದ ಆ ಸ್ಪೀಕರಿಗೆ ಅವರು ಜೋಡಿಸಿದ್ದುದು 25 ವಾಟಿನ ಆಂಪ್ಲಿಫೈಯರ್. ಎರಡರ ಮೇಲೂ 8 ಓಮ್ ಎಂದೇ ಇತ್ತು. ಓಮ್ ಕೂಡಿತ್ತು, ವಾಟ್ ಮೀರಿರಲಿಲ್ಲ, ಆದರೂ ಸುರುಳಿ ಸುಟ್ಟಿತು. ಹಾಗಾದರೆ ಜೋಡಿ ಕೂಡಿಸುವ ಲೆಕ್ಕ ಬೇರೆಲ್ಲೋ ಇರಬೇಕು.

ಅದನ್ನು ಹುಡುಕುವ ಮೊದಲು ಕೈಯಾರೆ ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ತಗ್ಗು ಸ್ವರಗಳನ್ನು ನುಡಿಸುವ ವೂಫರಿನ ಕೋನ್ ಕೈಗೆಟಕುವ ಯಾವುದೇ ಸ್ಪೀಕರಿನಿಂದ ತಂತಿಗಳನ್ನು ಪೂರ್ತಿ ಕಳಚಿ, ಕೋನನ್ನು ಬೆರಳ ತುದಿಯಿಂದ ಹಗುರಾಗಿ ತಟ್ಟಿ. ಸಣ್ಣ ಡೋಲನ್ನು ಮುಟ್ಟಿದಂತೆ ‘ಧುಂ’ ಎಂಬ ದನಿ ಎದ್ದು, ಕ್ಷಣಕಾಲ ಗುನುಗಿ ಅಡಗುತ್ತದೆ. ಈಗ ಬೆನ್ನಿನ ಕೆಂಪು ಮತ್ತು ಕಪ್ಪು ಟರ್ಮಿನಲ್‌ಗಳನ್ನು ತಂತಿಯ ತುಂಡೊಂದರಿಂದ ಒಂದಕ್ಕೊಂದು ಸೇರಿಸಿ ಮತ್ತೆ ತಟ್ಟಿ. ‘ಧುಂ’ ಹೋಗಿ ‘ಟಪ್’ ಎಂಬ ಗಿಡ್ಡ ಸದ್ದು ಮಾತ್ರ ಉಳಿಯುತ್ತದೆ. ಕೋನಿಗೆ ಯಾರೋ ಒಳಗಿನಿಂದ ಕೈ ಅಡ್ಡ ಹಿಡಿದಂತಿರುತ್ತದೆ. ವಿದ್ಯುತ್ತಿನ ಸಂಪರ್ಕವೇ ಇಲ್ಲದ ಪೆಟ್ಟಿಗೆಯಲ್ಲಿ ಒಂದು ಗೇಣು ತಂತಿ ಇಂಥ ಬದಲಾವಣೆ ತರುವುದನ್ನು ಮೊದಲ ಬಾರಿ ಕೇಳಿದ ದಿನ ನಾನು ಅದೆಷ್ಟು ಸಲ ತಂತಿ ಹಚ್ಚಿ, ತೆಗೆದು, ಮತ್ತೆ ಹಚ್ಚಿ ತಟ್ಟಿದೆನೋ ಲೆಕ್ಕವಿಲ್ಲ.

ಅಡ್ಡ ಬಂದ ಆ ಕೈ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತ ಪ್ರೇರಣೆಯದು. 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ರೂಪಿಸಿದ ಸ್ಪೀಕರಿನ ಮೂಲ ವಿನ್ಯಾಸವೇ ಇಂದಿಗೂ ಬಹುಪಾಲು ಮನೆಗಳಲ್ಲಿದೆ: ಕೋನಿನ ಬುಡಕ್ಕೆ ಅಂಟಿಸಿದ ತಂತಿಯ ಸುರುಳಿ, ಅದನ್ನು ಸುತ್ತುವರಿದ ಅಯಸ್ಕಾಂತ. ಸುರುಳಿಗೆ ಕರೆಂಟ್ ಹರಿಸಿದರೆ ಕೋನ್ ಚಲಿಸುತ್ತದೆ, ಅದು ಮೋಟಾರಿನ ಕೆಲಸ. ಕೋನನ್ನು ಚಲಿಸಿದರೆ ಅದೇ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಅದು ಜನರೇಟರಿನ ಕೆಲಸ. ಹೀಗೆ ಹುಟ್ಟಿದ ವೋಲ್ಟೇಜು ಯಾವಾಗಲೂ ತನ್ನನ್ನು ಹುಟ್ಟಿಸಿದ ಚಲನೆಗೇ ಎದುರು ನಿಲ್ಲುತ್ತದೆಂದು 1834ರಲ್ಲಿ ಲೆನ್ಸ್ ತೋರಿಸಿಕೊಟ್ಟರು. ತಂತಿಯ ತುಂಡು ಇಲ್ಲದಾಗ ಆ ವೋಲ್ಟೇಜಿಗೆ ಹರಿಯಲು ದಾರಿಯಿಲ್ಲ. ತುಂಡು ಸೇರಿದೊಡನೆ ಕರೆಂಟ್ ಹರಿದು ಕೋನಿಗೆ ಬ್ರೇಕ್ ಬೀಳುತ್ತದೆ. ಸೈಕಲ್ಲಿನ ಡೈನಮೊವನ್ನು ಚಕ್ರಕ್ಕೆ ಒತ್ತಿದಾಗ ಪೆಡಲ್ ಭಾರವಾಗುವುದರ ಹಿಂದೆಯೂ ಇದೇ ಕಾರಣವಿದೆ.

ಸಂಗೀತ ನುಡಿಯುವಾಗಲೂ ಸ್ಪೀಕರ್ ಈ ಎರಡೂ ಕೆಲಸಗಳನ್ನು ಒಟ್ಟಿಗೇ ಮಾಡುತ್ತಿರುತ್ತದೆ ಎಂಬುದೇ ಇಡೀ ವಿಷಯದ ತಿರುಳು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತೂಗಿದರೆ ಬೆರಳಿನ ಬಲ ಸಾಕು, ಲಯ ತಪ್ಪಿಸಿ ತೂಗಿದರೆ ಮೈಯೆಲ್ಲ ನೋಯುತ್ತದೆ. ಕೋನಿಗೂ ಅಂಥ ಸ್ವಂತ ಲಯವಿದೆ, ಅದೇ ಅನುರಣನೆಯ ಆವೃತ್ತಿ. ಮನೆಯ ವೂಫರುಗಳಲ್ಲಿ ಅದು ಸಾಮಾನ್ಯವಾಗಿ ಕೆಲವು ಹತ್ತು ಹರ್ಟ್ಸ್‌ಗಳ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಕೋನ್ ತಾನಾಗಿಯೇ ಹುಮ್ಮಸ್ಸಿನಿಂದ ಆಡುತ್ತದೆ, ಆದ್ದರಿಂದ ಎದುರು ವೋಲ್ಟೇಜನ್ನೂ ಧಾರಾಳವಾಗಿ ಹುಟ್ಟಿಸುತ್ತದೆ, ಆದ್ದರಿಂದ ಆಂಪ್ಲಿಫೈಯರಿನಿಂದ ಒಳಬರುವ ಕರೆಂಟ್ ತೀರ ಕಡಿಮೆಯಾಗುತ್ತದೆ. ಹೊರಗಿನಿಂದ ಅಳೆದವರಿಗೆ ಅದೇ ಸ್ಪೀಕರ್ ಆ ಸ್ವರದಲ್ಲಿ 30 ಓಮಿನದಾಗಿ ಕಾಣುತ್ತದೆ. ಸ್ವಲ್ಪ ಮೇಲಿನ ಸ್ವರಗಳಿಗೆ ಬಂದರೆ ಎದುರು ವೋಲ್ಟೇಜು ಕುಗ್ಗಿ, ಸುರುಳಿಯ ತಾಮ್ರದ ರೋಧವಷ್ಟೇ ಉಳಿದು, ಅಳತೆ 6 ಓಮಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಇನ್ನೂ ಮೇಲೆ ಹೋದಂತೆ ಬದಲಾಗುವ ಕರೆಂಟಿಗೆ ಸುರುಳಿ ಒಡ್ಡುವ ತಡೆಯಾದ ಪ್ರೇರಕತ್ವವೂ, ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಬಿಡಿಭಾಗಗಳೂ ಸೇರಿ ಅದನ್ನು ಮತ್ತೆ ಏರಿಸಿ ಇಳಿಸುತ್ತವೆ. ಆವೃತ್ತಿಯೊಂದಿಗೆ ಹೀಗೆ ಬದಲಾಗುವ ಈ ತಡೆಗೇ ಇಂಪಿಡೆನ್ಸ್ ಎಂದು ಹೆಸರು.

‘8 ಓಮ್’ ಎಂದು ಅಚ್ಚಾಗಿರುವುದು ಈ ಏರಿಳಿತಕ್ಕೆಲ್ಲ ಒಂದೇ ಮಾತಿನಲ್ಲಿ ಇಟ್ಟ ಅಡ್ಡಹೆಸರು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಇಂಪಿಡೆನ್ಸ್ ಎಲ್ಲಿಯೂ ನಮೂದಿಸಿದ ಸಂಖ್ಯೆಯ ಶೇಕಡ 80ಕ್ಕಿಂತ ಕೆಳಗಿಳಿಯಬಾರದು, ಅಂದರೆ 8 ಓಮಿನ ಸ್ಪೀಕರ್ 6.4 ಓಮಿಗಿಂತ ಕೆಳಗೆ ಹೋಗಬಾರದು. ಎಲ್ಲ ತಯಾರಕರೂ ಇದನ್ನು ಪಾಲಿಸುವುದಿಲ್ಲ. 8 ಎಂದು ಬರೆದು 4ಕ್ಕೆ ಇಳಿಯುವ ಸ್ಪೀಕರುಗಳು ಮಾರುಕಟ್ಟೆಯಲ್ಲಿವೆ, ಮತ್ತು ನನಗೆ ಇದು ಸಣ್ಣ ತಪ್ಪೆಂದು ಅನ್ನಿಸುವುದಿಲ್ಲ. ಕೊಳ್ಳುವವರು ಕೇಳಬೇಕಾದ ಸಂಖ್ಯೆ ಕನಿಷ್ಠ ಇಂಪಿಡೆನ್ಸ್. ಅದನ್ನು ಯಾವ ಆವೃತ್ತಿಯಲ್ಲಿ ಅಳೆದದ್ದೆಂದೂ ಹೇಳಿದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಓಮ್‌ಗಳು ಸಮವಾಗಿರಬೇಕೆಂಬ ಮಾತು ಎಲ್ಲಿಂದ ಬಂತು? ಅದರ ಬೇರು 1840ರ ಸುಮಾರಿಗೆ ಮೊರಿಟ್ಸ್ ಯಾಕೋಬಿ ಮಂಡಿಸಿದ ನಿಯಮದಲ್ಲಿದೆ. ಬ್ಯಾಟರಿಯ ಒಳರೋಧ ಬದಲಾಗದಿದ್ದಾಗ, ಅದರಿಂದ ಅತಿ ಹೆಚ್ಚು ಶಕ್ತಿ ಪಡೆಯಬೇಕಾದರೆ ಹೊರಗಿನ ರೋಧ ಅದಕ್ಕೆ ಸಮವಾಗಿರಬೇಕು ಎಂಬುದು ಆ ನಿಯಮ. ನಿಯಮ ಸರಿಯೇ, ಆದರೆ ಹಾಗೆ ಸಮವಾದಾಗ ಅರ್ಧದಷ್ಟು ಶಕ್ತಿ ಬ್ಯಾಟರಿಯೊಳಗೇ ಬಿಸಿಯಾಗಿ ಹೋಗುತ್ತದೆ. ಇದನ್ನು ಓದಿದ ಜೂಲ್ ಅವರಂಥ ಮೇಧಾವಿಯೇ ಬ್ಯಾಟರಿಯಿಂದ ಓಡುವ ಮೋಟಾರಿನ ದಕ್ಷತೆ ಶೇಕಡ 50ನ್ನು ದಾಟಲಾರದೆಂದು ತಪ್ಪಾಗಿ ಭಾವಿಸಿದರು. 1880ರ ಸುಮಾರಿಗೆ ಎಡಿಸನ್ ಅವರ ತಂಡ ಡೈನಮೊದ ಒಳರೋಧವನ್ನು ಹೊರಗಿನ ಹೊರೆಗಿಂತ ಬಹಳ ಕಡಿಮೆ ಮಾಡಿ ಆ ಭಾವನೆ ಸುಳ್ಳೆಂದು ತೋರಿಸಿತು. ಹೊರೆಗೆ ಸಮನಾಗುವ ಹಂಬಲವನ್ನೇ ಬಿಟ್ಟದ್ದರಿಂದ ಆ ಡೈನಮೊ ದಕ್ಷವಾಯಿತು. ಆಂಪ್ಲಿಫೈಯರಿನ ಕಥೆಯೂ ಹೆಚ್ಚು ಬೇರೆಯಲ್ಲ.

ವಾಲ್ವ್‌ಗಳ ಕಾಲದಲ್ಲಿ ಹೊಂದಿಸುವ ಅಗತ್ಯ ನಿಜಕ್ಕೂ ಇತ್ತು. ಟ್ರಾನ್ಸಿಸ್ಟರಿಗಿಂತ ಮೊದಲಿದ್ದ ಗಾಜಿನ ನಿರ್ವಾತ ಕೊಳವೆಯಾದ ವಾಲ್ವ್ ತನ್ನ ಎದುರಿಗೆ ಸಾವಿರಾರು ಓಮಿನ ಹೊರೆಯನ್ನು ಬಯಸುತ್ತದೆ, ಸ್ಪೀಕರಿನಲ್ಲಿರುವುದು ಎಂಟೋ ಹದಿನಾರೋ ಓಮ್. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು, ಸುತ್ತುಗಳ ಅನುಪಾತವನ್ನು 25ಕ್ಕೆ 1 ಎಂದು ಆಯ್ದುಕೊಂಡರೆ, 25ರ ವರ್ಗವಾದ 625 ಪಟ್ಟು ಹಿಗ್ಗಿ 8 ಓಮ್ ವಾಲ್ವಿನ ಕಣ್ಣಿಗೆ 5000 ಓಮ್ ಆಗಿ ಕಾಣುತ್ತದೆ. ಅದಕ್ಕಾಗಿಯೇ ಇಂದಿಗೂ ವಾಲ್ವ್ ಆಂಪ್ಲಿಫೈಯರುಗಳ ಬೆನ್ನಿನಲ್ಲಿ 4, 8, 16 ಎಂದು ಬೇರೆ ಬೇರೆ ಟರ್ಮಿನಲ್‌ಗಳಿರುತ್ತವೆ, ಮತ್ತು ಅವುಗಳಲ್ಲಿ ಸರಿಯಾದುದಕ್ಕೇ ಸ್ಪೀಕರನ್ನು ಜೋಡಿಸಬೇಕು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಂದ ಮೇಲೆ ಕಾಲ ಬದಲಾಯಿತು, ಮಾತು ಮಾತ್ರ ಹಾಗೆಯೇ ಉಳಿಯಿತು.

1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಕೆಲಸಕ್ಕೆಂದು ದೋಣಿಯಲ್ಲಿ ಹಡ್ಸನ್ ನದಿ ದಾಟುತ್ತಿದ್ದಾಗ, ಕೈಯಲ್ಲಿದ್ದ ಪತ್ರಿಕೆಯ ಹಾಳೆಯ ಮೇಲೆಯೇ ಋಣ ಹಿಮ್ಮಾಹಿತಿಯ ಕಲ್ಪನೆಯನ್ನು ಗೀಚಿಕೊಂಡರು. ಹೊರಬಂದ ಸಂಕೇತವನ್ನು ಒಳಬಂದದ್ದರೊಡನೆ ಹೋಲಿಸಿ, ವ್ಯತ್ಯಾಸವನ್ನು ಆ ಕ್ಷಣವೇ ತಿದ್ದುವ ಉಪಾಯವದು. ಇಂದಿನ ಆಂಪ್ಲಿಫೈಯರ್ ಇದೇ ಉಪಾಯದಿಂದ ತನ್ನ ಹೊರರೋಧವನ್ನು, ಅಂದರೆ ಬ್ಯಾಟರಿಯ ಒಳರೋಧದಂತೆ ಸ್ಪೀಕರಿನ ಕಡೆಯಿಂದ ನೋಡಿದಾಗ ತನ್ನೊಳಗೆ ಕಾಣುವ ರೋಧವನ್ನು, ಓಮಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಸುತ್ತದೆ. ಎತ್ತರದ ಮೇಲಿರುವ ದೊಡ್ಡ ನೀರಿನ ತೊಟ್ಟಿಯನ್ನು ನೆನೆಯಿರಿ: ಕೆಳಗೆ ಒಂದು ನಲ್ಲಿ ತೆರೆಯಲಿ, ನಾಲ್ಕು ತೆರೆಯಲಿ, ಒತ್ತಡ ಕುಗ್ಗುವುದಿಲ್ಲ. ಎಷ್ಟು ನೀರು ಬೇಕೆಂಬುದನ್ನು ನಲ್ಲಿ ತೀರ್ಮಾನಿಸುತ್ತದೆ. ಹಾಗೆಯೇ ಆಂಪ್ಲಿಫೈಯರ್ ವೋಲ್ಟೇಜನ್ನು ಹಿಡಿದು ನಿಲ್ಲಬೇಕು, ಯಾವ ಸ್ವರಕ್ಕೆ ಎಷ್ಟು ಕರೆಂಟ್ ಬೇಕೋ ಅದನ್ನು ಸ್ಪೀಕರ್ ಎಳೆದುಕೊಳ್ಳಬೇಕು. ಅಂಥ ಆಂಪ್ಲಿಫೈಯರಿಗೆ ಸ್ಪೀಕರನ್ನು ಜೋಡಿಸಿ, ಸಂಗೀತ ಹಾಕದೆ ಬರಿದೆ ಆನ್ ಮಾಡಿ ಕೋನನ್ನು ತಟ್ಟಿದರೆ ಮತ್ತದೇ ‘ಟಪ್’ ಕೇಳಿಸುತ್ತದೆ, ಏಕೆಂದರೆ ಆ ತಂತಿಯ ತುಂಡಿನ ಕೆಲಸವನ್ನು ಈಗ ಆಂಪ್ಲಿಫೈಯರ್ ಮಾಡುತ್ತಿದೆ.

ಹೊರರೋಧ ಹೆಚ್ಚಿದ್ದರೆ ಏನಾಗುತ್ತದೆಂಬುದನ್ನೂ ಲೆಕ್ಕ ಹಾಕಬಹುದು. 4 ಓಮಿನಿಂದ 30 ಓಮಿನವರೆಗೆ ಏರಿಳಿಯುವ ಸ್ಪೀಕರಿಗೆ 2 ಓಮ್ ಹೊರರೋಧದ ವಾಲ್ವ್ ಆಂಪ್ಲಿಫೈಯರ್ ಜೋಡಿಸಿದರೆ, 30 ಓಮಿರುವ ಸ್ವರಗಳು 4 ಓಮಿರುವ ಸ್ವರಗಳಿಗಿಂತ ಸುಮಾರು 3 ಡೆಸಿಬೆಲ್ ಹೆಚ್ಚು ಜೋರಾಗಿ ಕೇಳುತ್ತವೆ. ವಾಲ್ವಿನ ದನಿಯಲ್ಲಿ ಕೆಲವರು ಮೆಚ್ಚುವ ‘ಬಿಸುಪಿ’ನ ಒಂದು ಪಾಲು ಇದೇ. ಹೊರರೋಧ 0.05 ಓಮ್ ಇದ್ದರೆ ಆ ವ್ಯತ್ಯಾಸ 0.1 ಡೆಸಿಬೆಲ್ ಕೂಡ ಆಗದು. ಆದರೆ ಜಾಹೀರಾತುಗಳು ಮೆರೆಸುವ ಡ್ಯಾಂಪಿಂಗ್ ಫ್ಯಾಕ್ಟರ್, ಅಂದರೆ ಸ್ಪೀಕರಿನ 8 ಓಮನ್ನು ಹೊರರೋಧದಿಂದ ಭಾಗಿಸಿದ ಸಂಖ್ಯೆ, 100ರಿಂದ 1000ಕ್ಕೆ ಏರಿದರೆ ಬ್ರೇಕ್ ಹತ್ತು ಪಟ್ಟು ಬಿಗಿಯಾಗುವುದಿಲ್ಲ. ಸುರುಳಿಯದೇ 6 ಓಮ್ ದಾರಿಯಲ್ಲಿ ಕುಳಿತಿರುವಾಗ ಉಳಿದ 0.08 ಓಮನ್ನು 0.008 ಮಾಡಿದ್ದರಿಂದ ಒಟ್ಟು ರೋಧದಲ್ಲಾಗುವ ವ್ಯತ್ಯಾಸ ಶೇಕಡ ಒಂದರಷ್ಟು.

ಓಮಿನ ನಿಜವಾದ ಪರೀಕ್ಷೆ ನಡೆಯುವುದು ಕರೆಂಟಿನಲ್ಲಿ. 8 ಓಮಿಗೆ 100 ವಾಟ್ ಕೊಡುವ ಆಂಪ್ಲಿಫೈಯರ್ ಆಗ ಹೊರಡಿಸುವುದು 28.3 ವೋಲ್ಟ್ ಮತ್ತು 3.5 ಆಂಪಿಯರ್. ಸ್ಪೀಕರ್ ಯಾವುದೋ ಸ್ವರದಲ್ಲಿ 3 ಓಮಿಗೆ ಇಳಿದರೆ ಅದೇ ವೋಲ್ಟೇಜಿಗೆ 9.4 ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರ್ ಸಣ್ಣದಿದ್ದು, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ತೆಳುವಾಗಿದ್ದರೆ ಆಂಪ್ಲಿಫೈಯರ್ ಅಲ್ಲಿ ಏದುಸಿರು ಬಿಡುತ್ತದೆ, ಮುಟ್ಟಿದರೆ ಕೈ ಸುಡುತ್ತದೆ, ರಕ್ಷಣೆಯ ರಿಲೇ ಕಟಕ್ಕೆಂದು ಬಿದ್ದು ಸಂಗೀತ ನಿಲ್ಲುತ್ತದೆ. ಆದ್ದರಿಂದ ವಿವರಪಟ್ಟಿಯಲ್ಲಿ 8 ಓಮಿನ ವಾಟ್ ಒಂದನ್ನೇ ನೋಡದೆ 4 ಓಮಿನದನ್ನೂ ನೋಡಬೇಕು. 100 ವಾಟ್ 200ಕ್ಕೆ ಹತ್ತಿರವಾದಷ್ಟೂ ಆ ತೊಟ್ಟಿ ದೊಡ್ಡದು. 4 ಓಮಿನ ಸಾಲನ್ನೇ ಬಿಟ್ಟಿರುವ ಆಂಪ್ಲಿಫೈಯರನ್ನು ನಾನಂತೂ 4ಕ್ಕೆ ಇಳಿಯುವ ಸ್ಪೀಕರಿಗೆ ಜೋಡಿಸುವುದಿಲ್ಲ.

ಇನ್ನು ವಾಟ್. ಸ್ಪೀಕರಿನ ಮೇಲೆ ಬರೆದ ವಾಟ್ ಅದು ತಾಳಬಲ್ಲ ಬಿಸಿಯ ಮಿತಿ. ಅದು ಎಷ್ಟು ಜೋರಾಗಿ ನುಡಿಯುತ್ತದೆಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಜೋರು ತಿಳಿಯಬೇಕಾದರೆ ಸೆನ್ಸಿಟಿವಿಟಿ ನೋಡಬೇಕು: 2.83 ವೋಲ್ಟ್, ಅಂದರೆ 8 ಓಮಿಗೆ ಸರಿಯಾಗಿ 1 ವಾಟ್, ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಳತೆ. 86 ಡೆಸಿಬೆಲ್ಲಿನ ಜೋಡಿ ಸ್ಪೀಕರುಗಳ ಮುಂದೆ ಮೂರು ಮೀಟರ್ ದೂರದಲ್ಲಿ ಕುಳಿತವರಿಗೆ, ದೂರದ ಇಳಿಕೆಯನ್ನೂ ಕೋಣೆಯ ಗೋಡೆಗಳ ನೆರವನ್ನೂ ಲೆಕ್ಕಕ್ಕೆ ಹಿಡಿದರೆ, ತಲಾ 1 ವಾಟಿಗೆ ಸುಮಾರು 82 ಡೆಸಿಬೆಲ್ ಸಿಗುತ್ತದೆ. ಹಿತವಾಗಿ ಕೇಳುವವರ ಸರಾಸರಿ 72 ಡೆಸಿಬೆಲ್ ಎಂದುಕೊಂಡರೆ ಅದಕ್ಕೆ ಸಾಕಾಗುವುದು 0.1 ವಾಟ್. ಆದರೆ ಚೆನ್ನಾಗಿ ಮುದ್ರಿಸಿದ ಸಂಗೀತದಲ್ಲಿ ಚರ್ಮವಾದ್ಯದ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಜಿಗಿಯಬಲ್ಲದು, 20 ಡೆಸಿಬೆಲ್ ಎಂದರೆ ನೂರು ಪಟ್ಟು ಶಕ್ತಿ. ಆ ಕ್ಷಣಕ್ಕೆ 10 ವಾಟ್ ಬೇಕು. ಅದೇ ಮನೆಯಲ್ಲಿ 85 ಡೆಸಿಬೆಲ್ ಸರಾಸರಿಯಲ್ಲಿ ಕೇಳುವವರಿಗೆ ಸರಾಸರಿ 2 ವಾಟ್, ಚರ್ಮವಾದ್ಯದ ಪೆಟ್ಟಿನ ಕ್ಷಣಕ್ಕೆ 200 ವಾಟ್! ಸ್ಪೀಕರ್ 92 ಡೆಸಿಬೆಲ್ಲಿನದಾಗಿದ್ದರೆ ಆ 200ರ ಜಾಗದಲ್ಲಿ 50 ಸಾಕು. 50 ವಾಟಿನ ಆಂಪ್ಲಿಫೈಯರನ್ನು 100 ವಾಟಿನದಕ್ಕೆ ಬದಲಿಸಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. 6 ಡೆಸಿಬೆಲ್ ಹೆಚ್ಚಿನ ಸ್ಪೀಕರನ್ನು ಆರಿಸಿದರೆ ನಾಲ್ಕು ಪಟ್ಟು ದೊಡ್ಡ ಆಂಪ್ಲಿಫೈಯರ್ ತಂದಷ್ಟಾಗುತ್ತದೆ.

ಗೆಳೆಯರ ಟ್ವೀಟರ್ ಸುಟ್ಟದ್ದು ಈ ಪೆಟ್ಟುಗಳ ಲೆಕ್ಕ ತಪ್ಪಿದ್ದರಿಂದ. 25 ವಾಟಿನ ಆಂಪ್ಲಿಫೈಯರಿನ ವೋಲ್ಟೇಜಿಗೆ ಒಂದು ಚಾವಣಿಯಿದೆ. ವಾಲ್ಯೂಮ್ ಏರಿಸುತ್ತ ಹೋದಾಗ ಅಲೆಯ ನೆತ್ತಿ ಆ ಚಾವಣಿಗೆ ತಾಗಿ ಚಪ್ಪಟೆಯಾಗುತ್ತದೆ, ಇದೇ ಕ್ಲಿಪ್ಪಿಂಗ್. ಚಪ್ಪಟೆಯಾದ ಭಾಗ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್ ಆಗಿ ಟ್ವೀಟರನ್ನು ಸುಡುತ್ತದೆ ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ, ಆದರೆ ಅದು ನಿಲ್ಲುವುದಿಲ್ಲ: ಅಲೆ ಮೇಲೆ ಕೆಳಗೆ ಹೊರಳುತ್ತಲೇ ಇರುತ್ತದೆ, ಜೊತೆಗೆ ಟ್ವೀಟರಿನ ದಾರಿಯಲ್ಲಿರುವ ಕೆಪಾಸಿಟರ್ ಡಿಸಿಯನ್ನು ಬಿಡುವುದೂ ಇಲ್ಲ. ನಡೆಯುವುದು ಬೇರೆ. ಚಾವಣಿಗೆ ತಾಗಿದ ತಗ್ಗು ಸ್ವರಗಳು ಅಲ್ಲೇ ನಿಲ್ಲುತ್ತವೆ, ಮೊದಲು ಮೆಲ್ಲಗಿದ್ದ ಮೇಲಿನ ಸ್ವರಗಳು ಮಾತ್ರ ಗುಂಡಿ ತಿರುಗಿಸಿದಷ್ಟೂ ಬೆಳೆಯುತ್ತವೆ, ಕತ್ತರಿಸಿದ ಅಂಚುಗಳಿಂದ ಹುಟ್ಟಿದ ಹೊಸ ಮೇಲುಸ್ವರಗಳೂ ಅವಕ್ಕೆ ಕೂಡಿಕೊಳ್ಳುತ್ತವೆ. ಪೂರ್ತಿ ಚೌಕವಾದ ಅಲೆಯಲ್ಲಿ ಅಷ್ಟೇ ಎತ್ತರದ ನುಣುಪಾದ ಅಲೆಗಿಂತ ಎರಡು ಪಟ್ಟು ಶಕ್ತಿಯಿರುತ್ತದೆ, ಹಾಗಾಗಿ 25 ವಾಟಿನದು 50ನ್ನು ಮುಟ್ಟಬಲ್ಲದು. ಸಂಗೀತದ ಶಕ್ತಿಯ ಬಹುಪಾಲು ತಗ್ಗು ಸ್ವರಗಳಲ್ಲೇ ಇರುವುದೆಂದು ನಂಬಿ, 100 ವಾಟಿನ ಸ್ಪೀಕರಿನಲ್ಲೂ ಟ್ವೀಟರಿಗೆ ಕೆಲವೇ ವಾಟಿನ ಸುರುಳಿ ಹಾಕಿರುತ್ತಾರೆ. ಆ ನಂಬಿಕೆ ಹುಸಿಯಾದ ಸಂಜೆ ಸುರುಳಿ ಕಪ್ಪಾಗುತ್ತದೆ. ದೊಡ್ಡ ಆಂಪ್ಲಿಫೈಯರೂ ಸ್ಪೀಕರನ್ನು ಸುಡಬಲ್ಲದು, ಆದರೆ ಅದೇ ಜೋರಿಗೆ ಅದರಲ್ಲಿ ದನಿ ಒರಟಾಗುವುದಿಲ್ಲ. ಒರಟಾದ ದನಿ ಕೇಳಿದೊಡನೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಬೇಕು, ಆಂಪ್ಲಿಫೈಯರ್ ಯಾವುದೇ ಇರಲಿ.

ನಡುವಿನ ತಂತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಐದು ಮೀಟರ್ ದೂರಕ್ಕೆ ಹೋಗಿ ಬರುವಾಗ ಸೇರಿಸುವ ರೋಧ ಸುಮಾರು 0.07 ಓಮ್, 4 ಓಮಿನ ಸ್ಪೀಕರಿಗೂ ಅದು ಶೇಕಡ ಎರಡಕ್ಕಿಂತ ಕಡಿಮೆ.

ಜಾಗ್ರತೆ ಬೇಕಾದದ್ದು ಆಂಪ್ಲಿಫೈಯರಿನ ಮುಖದ ಮೇಲಿರುವ ‘ಎ’ ಮತ್ತು ‘ಬಿ’ ಎಂಬ ಎರಡು ಗುಂಡಿಗಳಲ್ಲಿ. ಎರಡನೆಯ ಕೋಣೆಗೆಂದು ಇನ್ನೊಂದು ಜೋಡಿ ಸ್ಪೀಕರ್ ತಂದು ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ, ಬಹಳಷ್ಟು ಆಂಪ್ಲಿಫೈಯರುಗಳಲ್ಲಿ ಅವು ಸಮಾಂತರವಾಗಿ ಸೇರುತ್ತವೆ. 8 ಓಮಿನ ಎರಡು ಕೂಡಿ 4 ಆಗುತ್ತದೆ, ಎರಡೂ ಒಂದೇ ಸ್ವರದಲ್ಲಿ 5ಕ್ಕೆ ಇಳಿಯುವಂಥವಾದರೆ ಎರಡೂವರೆ. ಅಷ್ಟು ಕಡಿಮೆ ಹೊರೆಯನ್ನು ಎಳೆಯಬಹುದೇ ಎಂಬುದನ್ನು ಬೆನ್ನಿನ ಟರ್ಮಿನಲ್‌ಗಳ ಪಕ್ಕದಲ್ಲೇ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ, ಹಲವು ಬಾರಿ ‘ಎ ಅಥವಾ ಬಿ’ಗೆ ಒಂದು ಸಂಖ್ಯೆ, ‘ಎ ಮತ್ತು ಬಿ’ಗೆ ಅದರ ಎರಡರಷ್ಟು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡುವ ಮೊದಲೇ ಆ ಸಾಲನ್ನು ಓದಿ ಬರೆದಿಟ್ಟುಕೊಳ್ಳಿ.